ಶೆಡ್ ವೈರಿಂಗ್: ಜಿಐ ಕಾಂಡ್ಯೂಟಿಗೆ ಥ್ರೆಡ್ ಹಾಕುವ ಕೆಲಸ

ಮನೆ ಹಿಂದಿನ ಶೆಡ್‌ನಲ್ಲಿ ಮೇನ್ ಬೋರ್ಡಿನಿಂದ ಡ್ರಿಲ್ಲಿಂಗ್ ಮಷೀನ್‌ವರೆಗಿನ ಪೈಪ್ ಕೆಲಸ ಮುಗಿಯಿತು. ಪಿವಿಸಿ ಸಾಕಿತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲಿ ವೆಲ್ಡಿಂಗ್ ಕಿಡಿ ಹಾರುತ್ತದೆ, ಕಬ್ಬಿಣದ ಸಾಮಾನು ಗೋಡೆಗೆ ಬಡಿಯುತ್ತದೆ, ಇಲಿ ಕಾಟ ಬೇರೆ. ಅದಕ್ಕೇ 20 ಮಿ.ಮೀ. ಜಿಐ ಕಾಂಡ್ಯೂಟ್, ಅಂದರೆ ವೈರ್ ಎಳೆಯಲು ಬಳಸುವ, ಸತು ಲೇಪಿಸಿದ ಕಬ್ಬಿಣದ ಪೈಪ್.

ಪೈಪಿನ ತುದಿಗೆ ಸ್ಕ್ರೂವಿನಂಥ ಸುತ್ತು (ಥ್ರೆಡ್) ಕೊರೆಯುವ ಸಾಧನವೇ ಡೈ. ಪ್ಲಂಬರ್ ಬಳಿ ಇರುವ ಅರ್ಧ ಇಂಚಿನ ಡೈ ಇದಕ್ಕೆ ಆಗುವುದಿಲ್ಲ. ಅದು ನೀರಿನ ಪೈಪಿನದು, ಇಂಚಿಗೆ 14 ಥ್ರೆಡ್, ತುದಿಯತ್ತ ಕಿರಿದಾಗುತ್ತಾ ಹೋಗುತ್ತದೆ. ಕಾಂಡ್ಯೂಟಿನ ಥ್ರೆಡ್ ನೇರ, ಪಿಚ್ (ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ಅಂತರ) 1.5 ಮಿ.ಮೀ. ಸರಿಯಾದ ಡೈ ಬೆಂಗಳೂರಿನ ಎಸ್‌ಜೆಪಿ ರೋಡಿನಲ್ಲಿ ಸಿಕ್ಕಿತು.

ಪೈಪನ್ನು ವೈಸ್‌ಗೆ ಹಿಡಿಸಿ, ಹ್ಯಾಕ್ಸಾದಲ್ಲಿ ನೇರವಾಗಿ ಕೊಯ್ದು, ಹೊರ ಅಂಚನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡಿಕೊಂಡೆ. ಆಗ ಡೈ ಸೊಟ್ಟಗೆ ಹತ್ತುವುದಿಲ್ಲ. ಆಮೇಲೆ ಕಟಿಂಗ್ ಆಯಿಲ್ ಧಾರಾಳವಾಗಿ ಬಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದರೆ ಚೂರು ಮುರಿದು ಬೀಳುತ್ತದೆ. ಸುಮ್ನೆ ಮುಂದಕ್ಕೇ ತಿರುವಿದರೆ ಥ್ರೆಡ್ ಹರಿಯುತ್ತದೆ. ಕೊನೆಗೆ ಒಳ ಅಂಚಿನ ಚೂಪನ್ನು ದುಂಡು ಅರದಿಂದ ತೆಗೆಯಬೇಕು. ಇದನ್ನು ಬಿಡುವವರೇ ಜಾಸ್ತಿ. ವೈರ್ ಎಳೆಯುವಾಗ ಅದೇ ಚೂಪು ಇನ್ಸುಲೇಶನ್ ಸೀಳುತ್ತದೆ.

ಎರಡು ಪೈಪ್ ಜೋಡಿಸುವ, ಒಳಗೆ ಥ್ರೆಡ್ ಇರುವ ಗಿಡ್ಡ ಕೊಳವೆಯೇ ಕಪ್ಲರ್. ಥ್ರೆಡ್ ಉದ್ದ ಕಪ್ಲರಿನ ಅರ್ಧದಷ್ಟು ಸಾಕು. ಎರಡೂ ಪೈಪ್ ಒಳಗೆ ಮೂತಿಗೆ ಮೂತಿ ತಾಗಿ ನಿಲ್ಲಬೇಕು. ಹೊರಗೆ ಉಳಿದ ಥ್ರೆಡ್‌ನಲ್ಲಿ ಸತು ಕಿತ್ತುಹೋಗಿರುತ್ತದೆ, ಅಲ್ಲಿಂದಲೇ ತುಕ್ಕು ಶುರು. ಅಂಥ ಕಡೆ ಜಿಂಕ್ ಪೇಂಟ್ ಬಳಿದೆ.

ಗೋಡೆಯ ಮಧ್ಯೆ ಒಂದು ಕಡೆ ಎರಡೂ ಪೈಪ್ ತಿರುಗುವ ಹಾಗಿರಲಿಲ್ಲ. ಅಲ್ಲಿ ಒಂದು ಪೈಪಿಗೆ ಉದ್ದ ಥ್ರೆಡ್ ಹಾಕಿ, ಚೆಕ್ ನಟ್ (ಕಪ್ಲರ್ ಸಡಿಲವಾಗದಂತೆ ಹಿಡಿಯುವ ತೆಳು ನಟ್) ಮತ್ತು ಇಡೀ ಕಪ್ಲರನ್ನು ಅದರ ಮೇಲೆ ಓಡಿಸಿದೆ. ಇನ್ನೊಂದು ಪೈಪ್ ಎದುರಿಗೆ ಇಟ್ಟು, ಕಪ್ಲರನ್ನು ಅತ್ತ ತಿರುಗಿಸಿ, ಚೆಕ್ ನಟ್‌ನಿಂದ ಬಿಗಿದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಜಾಯಿಂಟ್.

ಟೆಫ್ಲಾನ್ ಟೇಪ್ ಎಲ್ಲೂ ಸುತ್ತಿಲ್ಲ. ಇಲ್ಲಿ ನೀರು ತಡೆಯುವುದಲ್ಲ, ಲೋಹಕ್ಕೆ ಲೋಹ ತಾಗಿಸುವುದು ಮುಖ್ಯ. ಲೈವ್ ವೈರ್ ಪೈಪಿಗೆ ತಾಗಿ ಫಾಲ್ಟ್ ಆದರೆ ಕರೆಂಟ್ ಆ ಥ್ರೆಡ್ ದಾಟಿಯೇ ಅರ್ಥ್‌ಗೆ ಹೋಗಬೇಕು. ಬಾಕ್ಸ್‌ಗೆ ಸೇರುವ ಕಡೆಯೂ ಅಷ್ಟೇ. ತೂತಿನ ಸುತ್ತ ಪೇಂಟ್ ಕೆರೆದು, ಹೊರಗೆ ಕಪ್ಲರ್, ಒಳಗಿನಿಂದ ಹಿತ್ತಾಳೆ ಬುಶ್ (ತೂತಿನ ಮೂಲಕ ಕಪ್ಲರಿಗೆ ತಿರುಗಿ ಕೂರುವ, ನಯವಾದ ಅಂಚಿನ ಬಿಲ್ಲೆ) ಹಾಕಿ ಬಿಗಿದೆ.

ಮಲ್ಟಿಮೀಟರಿನಲ್ಲಿ ಪೈಪಿನ ಈ ತುದಿಯಿಂದ ಆ ತುದಿಗೆ ರೆಸಿಸ್ಟೆನ್ಸ್ ನೋಡಿದೆ. ಲೀಡ್‌ಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ರೀಡಿಂಗೇ ಬಂತು, ಅಂದರೆ ಜಾಯಿಂಟ್‌ಗಳೆಲ್ಲ ಚೆನ್ನಾಗಿ ತಾಗಿವೆ. ಆದರೂ ಒಳಗೆ ಹಸಿರು ಅರ್ಥ್ ವೈರ್ ಬೇರೆಯಾಗಿ ಎಳೆಯುತ್ತೇನೆ. ಮೇನ್ ಬೋರ್ಡಿಗೆ ಕೊಡುವ ಕನೆಕ್ಷನ್ ಮತ್ತು ಕೊನೆಯ ಟೆಸ್ಟ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ.

ಮುಂದಿನದು ಲೇಥ್ ಕಡೆಯ ಲೈನ್. ಬೀಮ್ ಅಡ್ಡ ಬರುತ್ತದೆ, ಪೈಪ್ ಬಗ್ಗಿಸಲೇಬೇಕು. ಬೆಂಡ್ ತುದಿಗೆ ಹತ್ತಿರ ಇರುವುದರಿಂದ ಥ್ರೆಡ್ ಮೊದಲೇ ಹಾಕಿಕೊಳ್ಳುತ್ತೇನೆ, ಆಮೇಲಾದರೆ ಡೈ ಹಿಡಿಕೆ ತಿರುಗಲು ಜಾಗ ಸಿಗುವುದಿಲ್ಲ.