ದೊಡ್ಡವಳಾದ ಮೇಲೆ ಉಬ್ಬಸ ಹೋಗುತ್ತಂತೆ, ಹೌದಾ?

"ದೊಡ್ಡವಳಾದ ಮೇಲೆ ಉಬ್ಬಸ ತಾನಾಗೇ ಹೋಗುತ್ತೆ ಅಂತಾರಲ್ಲ, ನಿಮ್ಮ ಮಗಳಿಗೆ ಇನ್ನೂ ಯಾಕ್ರೀ ಇನ್ಹೇಲರ್?" ಮದುವೆ ಮನೆಯಲ್ಲೂ ಇದೇ ಪ್ರಶ್ನೆ, ಸ್ಕೂಲ್ ಗೇಟಿನ ಹತ್ತಿರವೂ ಇದೇ. ಮೇಲೊಂದು ಒಗ್ಗರಣೆ: "ನೀವೇ ಅಭ್ಯಾಸ ಮಾಡಿಸಿಬಿಟ್ರಿ."

ನನ್ನ ಇಬ್ಬರು ಮಕ್ಕಳಿಗೂ ಆಸ್ತಮಾ. ಚಿಕ್ಕಂದಿನಲ್ಲಿ ಮಗನದೇ ಗೋಳು. ರಾತ್ರಿಯೆಲ್ಲ ಎದೆ ಗೊರಗೊರ, ನೆಬ್ಯುಲೈಸರ್ ಹಿಡಿದು ಕೂತಿರುತ್ತಿದ್ದೆ. 14ಕ್ಕೆ ಅವನ ಗಂಟಲು ಒಡೆಯಿತು, ಉಬ್ಬಸವೂ ಕಮ್ಮಿಯಾಯಿತು. ಮಗಳದು ಉಲ್ಟಾ. 12ಕ್ಕೆ ದೊಡ್ಡವಳಾದಳು, ಅಲ್ಲಿಂದಲೇ ಜಾಸ್ತಿ.

ಇದು ನಮ್ಮ ಮನೆಯದಷ್ಟೇ ಕಥೆಯಲ್ಲ. ಚಿಕ್ಕ ಮಕ್ಕಳಲ್ಲಿ ಆಸ್ತಮಾ ಗಂಡುಹುಡುಗರಿಗೇ ಜಾಸ್ತಿ. ಹರೆಯ ದಾಟುವಷ್ಟರಲ್ಲಿ ಲೆಕ್ಕ ತಿರುಗಿ, ಹೆಂಗಸರಲ್ಲಿ ಜಾಸ್ತಿಯಾಗುತ್ತದೆ.

ಆಸ್ತಮಾ ಇದ್ದವರ ಉಸಿರಿನ ಕೊಳವೆಯಲ್ಲಿ ಕಾವಲು ಕಣಗಳಿಗೆ ಸಿಟ್ಟು ಜಾಸ್ತಿ. ಸುಮ್ನೆ ಬಂದ ದೂಳನ್ನೂ ಕಳ್ಳ ಅಂದುಕೊಳ್ಳುತ್ತವೆ. ಅವುಗಳಲ್ಲಿ ಐಎಲ್‌ಸಿ2 ಅನ್ನುವ ಒಂದು ಜಾತಿಯಿದೆ. ಕೆರಳಿದಾಗ ಅದು ಐಎಲ್-5, ಐಎಲ್-13 ಅನ್ನುವ ಸಂದೇಶಗಳನ್ನು ಬಿಡುತ್ತದೆ. ಮೊದಲನೆಯದು ಊತ ತರುವ ಇಯೋಸಿನೊಫಿಲ್ ಕಣಗಳನ್ನು ಕರೆಯುತ್ತದೆ, ಎರಡನೆಯದು ಕಫ ಹೆಚ್ಚಿಸುತ್ತದೆ. ಹರೆಯದಲ್ಲಿ ಹುಡುಗರಿಗೆ ಏರುವ ಟೆಸ್ಟೋಸ್ಟೆರಾನ್ ಹಾರ್ಮೋನು ಈ ಐಎಲ್‌ಸಿ2ಗಳನ್ನು ತಣ್ಣಗೆ ಮಾಡುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಹುಡುಗಿಯರ ಈಸ್ಟ್ರೋಜೆನ್, ಪ್ರೊಜೆಸ್ಟರಾನ್‌ಗಳ ಆಟ ಇಷ್ಟು ಸರಳವಲ್ಲ, ಆದರೆ ಒಟ್ಟಾರೆ ಅಲರ್ಜಿಯ ಕಡೆಗೇ ತೂಕ. ಅದೂ ತಿಂಗಳು ತಿಂಗಳು ಏರಿಳಿತ. ಮುಟ್ಟಿಗೆ ಮುಂಚಿನ ಕೆಲವು ದಿನ ಕೆಲವರಿಗೆ ಉಸಿರು ಬಿಗಿಯುವುದು ಅದಕ್ಕೇ ಇರಬಹುದು.

ಹಾರ್ಮೋನಿಗೇ ಎಲ್ಲ ಕೀರ್ತಿ ಕೊಡಬೇಡಿ. ಚಿಕ್ಕ ಹುಡುಗರಿಗೆ ಶ್ವಾಸಕೋಶದ ಗಾತ್ರಕ್ಕೆ ಹೋಲಿಸಿದರೆ ಕೊಳವೆ ಕಿರಿದು. ಬೆಳೆಯುತ್ತಾ ಅದು ಅಗಲವಾಗುತ್ತದೆ.

ಅಭ್ಯಾಸದ ಮಾತು ಸುಳ್ಳು. ಉಬ್ಬಸ ಬರದಂತೆ ತಡೆಯುವ ಇನ್ಹೇಲರ್‌ನಲ್ಲಿರುವ ಸ್ಟೀರಾಯ್ಡ್ ಊತ ಇಳಿಸುತ್ತದೆ, ಚಟ ಹಿಡಿಸುವುದಿಲ್ಲ. ಈ ವಯಸ್ಸಿನಲ್ಲಿ ಮಕ್ಕಳು ಅದನ್ನು ಫ್ರೆಂಡ್ಸ್ ಮುಂದೆ ತೆಗೆಯಲು ನಾಚುತ್ತಾರೆ, ನಮ್ಮವಳೂ ನಾಚುತ್ತಿದ್ದಳು. ಅಂಥವಳ ಎದುರೇ ದೊಡ್ಡವರು ಹೀಗೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಗನ ಆಸ್ತಮಾ ಹೋಯಿತು ಅಂತಲೂ ನಾನು ಹೇಳುವುದಿಲ್ಲ. ದೊಡ್ಡವನಾದ ಮೇಲೆ ಮರಳಿ ಬರಬಹುದು, ಸಿಗರೇಟು ಹಿಡಿದರಂತೂ ಕೇಳುವುದೇ ಬೇಡ.

ಮಗಳು ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಒಂದು ಚುಕ್ಕೆ, ಉಬ್ಬಸ ಬಂದ ದಿನಕ್ಕೆ ಒಂದು ಗೀಟು ಹಾಕುತ್ತಾಳೆ. ಮೂರು ತಿಂಗಳು ಗೀಟುಗಳೆಲ್ಲ ಚುಕ್ಕೆಗೆ ಮುಂಚಿನ ದಿನಗಳಲ್ಲೇ ಸಾಲಾಗಿ ನಿಂತವು. ಆ ಹಾಳೆಗಳನ್ನೇ ಡಾಕ್ಟರಿಗೆ ತೋರಿಸಿದೆವು, ಅವರು ಪಫ್ ಲೆಕ್ಕ ಬದಲಿಸಿದರು.