ಉಬ್ಬರದ ಲೆಕ್ಕ ತಪ್ಪಿದರೆ ಮೀನುಗಾರ ಬೆಕ್ಕಿನ ಲೆಕ್ಕವೂ ತಪ್ಪುತ್ತದೆ

ಆಂಧ್ರದ ಕಾಕಿನಾಡದ ಬಳಿಯ ಕೋರಿಂಗದಂಥ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ, ಮೀನು ಹಿಡಿದು ತಿನ್ನುವ ಮೀನುಗಾರ ಬೆಕ್ಕನ್ನು ಎಣಿಸಲು ಕ್ಯಾಮೆರಾ ಟ್ರ್ಯಾಪ್ (ಎದುರು ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಕಟ್ಟುವವರು ಜಿಪಿಎಸ್‌ಗಿಂತ ಮೊದಲು ಉಬ್ಬರ-ಇಳಿತದ ಪಟ್ಟಿ ಹಿಡಿದುಕೊಳ್ಳಬೇಕು. ಒಣಕಾಡಿನಲ್ಲಿ ಕಲಿತ ಅಭ್ಯಾಸ ಇಲ್ಲಿ ಕೈಕೊಡುವುದು ಎತ್ತರದ ವಿಷಯದಲ್ಲಿ. ಬೆಕ್ಕಿನ ಪಕ್ಕೆ ಪೂರ್ತಿ ಕಾಣಬೇಕಾದರೆ ಲೆನ್ಸ್ ನೆಲದಿಂದ 30–40 ಸೆಂ.ಮೀ. ಮೇಲಿರಬೇಕು. ಇಳಿತದ ಹೊತ್ತಿಗೆ ಹೋಗಿ ಕೆಸರಿನ ಮೇಲೆ ಅಷ್ಟನ್ನೇ ಅಳೆದು ಕಟ್ಟಿದರೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಕ್ಯಾಮೆರಾ ಮುಳುಗುತ್ತದೆ. ಇನ್ನೂ ಮೇಲೆ ಕಟ್ಟಿದರೆ ಬೆನ್ನಷ್ಟೇ ಸಿಗುತ್ತದೆ. ಮರದ ಬುಡದಲ್ಲಿ ನೀರು ಬಿಟ್ಟುಹೋದ ಕೆಸರಿನ ಗೆರೆ ನೋಡಿ, ಅದಕ್ಕಿಂತ ಮೇಲಿರುವ ಏರಿ ಅಥವಾ ದಿಬ್ಬ ಆರಿಸಿ. ಮೀನಿನ ಹೊಂಡಗಳ ಏರಿಯ ಮೇಲೆ ಬೆಕ್ಕಿನ ಓಡಾಟವೂ ಇರುತ್ತದೆ.

ಜಾಗಕ್ಕೆ ಎರಡು ಕ್ಯಾಮೆರಾ ಬೇಕೇ ಬೇಕು. ಒಂದೊಂದು ಬೆಕ್ಕನ್ನೂ ಗುರುತಿಸುವುದು ಮೈಮೇಲಿನ ಚುಕ್ಕೆಗಳಿಂದ, ಎಡ ಪಕ್ಕೆಯ ಚುಕ್ಕೆ ಬಲ ಪಕ್ಕೆಯಂತಿರುವುದಿಲ್ಲ. ಒಂದೇ ಕ್ಯಾಮೆರಾ ಇದ್ದರೆ ಒಂದು ಬೆಕ್ಕು ಎರಡಾಗಿ ಎಣಿಕೆಗೆ ಸೇರಿಬಿಡಬಹುದು. ದಾರಿಯ ಎರಡೂ ಬದಿಗೆ ಕಟ್ಟಿ, ಆದರೆ ನೇರ ಎದುರುಬದುರಾಗಿ ಬೇಡ: ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರವನ್ನು ಕೆಡಿಸುತ್ತದೆ. ಬೆಕ್ಕು ನಡೆಯುವ ಗೆರೆಯಿಂದ 2–3 ಮೀಟರ್ ದೂರವಿರಲಿ. ತೀರಾ ಹತ್ತಿರವಾದರೆ ಬೆಳಕು ಹೆಚ್ಚಾಗಿ ಚುಕ್ಕೆಗಳೇ ಅಳಿಸಿಹೋಗುತ್ತವೆ. ರಾತ್ರಿ ನಡೆಯುತ್ತಿರುವ ಬೆಕ್ಕು ಕಣ್ಣಿಗೆ ಕಾಣದ ಬೆಳಕಾದ ಇನ್‌ಫ್ರಾರೆಡ್‌ನಲ್ಲಿ ಮಸುಕಾಗುವುದರಿಂದ, ಗುರುತು ಹಚ್ಚುವ ಕೆಲಸಕ್ಕೆ ಬಿಳಿ ಫ್ಲ್ಯಾಶ್ ಒಳ್ಳೆಯದು.

ನೇಪಾಳದ ಚಿತ್ವಾನದಲ್ಲಿ ರೇಡಿಯೊ ಕಾಲರ್ ಹಾಕಿದ ಹೆಣ್ಣುಗಳ ಓಡಾಟ 4–6 ಚದರ ಕಿ.ಮೀ. ಒಳಗಿತ್ತು. ಹಾಗಾಗಿ ಜಾಗಗಳ ನಡುವೆ ಸುಮಾರು 1 ಕಿ.ಮೀ. ಇಟ್ಟುಕೊಳ್ಳುವುದು ಸರಿ. ಅದಕ್ಕಿಂತ ತುಂಬ ವಿರಳವಾದರೆ ಹೆಣ್ಣುಗಳು ಸಂದಿಯಲ್ಲಿ ತಪ್ಪಿಹೋಗುತ್ತವೆ.

ಗಾಳಿಗೆ ಆಡುವ ಜೊಂಡು ಒಂದೇ ಮಧ್ಯಾಹ್ನಕ್ಕೆ ಸಾವಿರಾರು ಖಾಲಿ ಚಿತ್ರ ತೆಗೆಸಿ ಕಾರ್ಡ್ ತುಂಬಿಸಬಲ್ಲದು. ಕ್ಯಾಮೆರಾದ ಮುಂದಿನದನ್ನಷ್ಟೇ ಕೊಯ್ಯಿರಿ, ಅಕ್ಕಪಕ್ಕದ ಮರೆ ಉಳಿಯಲಿ. ಉಪ್ಪುಗಾಳಿಗೆ ಬ್ಯಾಟರಿಯ ತುದಿಗಳು ತುಕ್ಕು ಹಿಡಿಯುತ್ತವೆ. ಪ್ರತಿ ಭೇಟಿಯಲ್ಲೂ ಅವನ್ನು ಒಣಬಟ್ಟೆಯಿಂದ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಬದಲಿಸಿ.

ಚಿತ್ರ ಮಸುಕಾಗಿದ್ದರೆ ಬಾಲ ನೋಡಿ: ಮೀನುಗಾರ ಬೆಕ್ಕಿನದು ಗಿಡ್ಡ, ದಪ್ಪ. ಕಾಡುಬೆಕ್ಕಿಗೆ (ಜಂಗಲ್ ಕ್ಯಾಟ್) ಮೈಮೇಲೆ ಇಂಥ ಚುಕ್ಕೆ ಇಲ್ಲ, ಚಿರತೆಬೆಕ್ಕು ಗಾತ್ರದಲ್ಲಿ ಮನೆಬೆಕ್ಕಿನಷ್ಟೇ. ಹಿಕ್ಕೆಯಲ್ಲಿ ಮೀನಿನ ಹುರುಪೆ ಸಿಕ್ಕಿತೆಂದು ಅದನ್ನು ಮೀನುಗಾರ ಬೆಕ್ಕಿನದೆಂದು ಬರೆದುಕೊಳ್ಳಬೇಡಿ, ನೀರುನಾಯಿಯದರಲ್ಲೂ ಅದೇ ಇರುತ್ತದೆ.

ಒಡಿಶಾದ ಚಿಲಿಕಾ ಸರೋವರದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಗಣತಿಯ 176 ಬೆಕ್ಕುಗಳು ಅಭಯಾರಣ್ಯದ ಗಡಿಯೊಳಗಷ್ಟೇ ಇರಲಿಲ್ಲ. ಗಡಿಯ ಹೊರಗಿನ ಇಂಥ ಕಡೆ ಅರಣ್ಯ ಇಲಾಖೆಯ ಪರವಾನಗಿ ಒಂದೇ ಸಾಲದು. ಹೊಂಡದ ಮಾಲೀಕರನ್ನು ಕೇಳಿಯೇ ಕ್ಯಾಮೆರಾ ಕಟ್ಟಿ, ಸಿಕ್ಕ ಚಿತ್ರವನ್ನು ಮೊದಲು ಅವರಿಗೇ ತೋರಿಸಿ. ಹುಲಿಮರಿ ಎಂದು ಹೆದರಿ ಜನ ಹೊಡೆಯುವುದು ಇದೇ ಬೆಕ್ಕನ್ನು.