ಅಟ್ಟದಲ್ಲೊಂದು ಚೆಂಡೆ

"ನೀನು ಅಲ್ಲಿ ಮಾಡುವ ಕೆಲಸವಾದರೂ ಏನು?" ಉಡುಪಿಗೆ ಹೋದಾಗಲೆಲ್ಲ ದೊಡ್ಡಪ್ಪನ ಪ್ರಶ್ನೆ ಇದೇ. ಮಾಧ್ಯಮ ಕಲಾವಿದ ಎಂದರೆ ಅವರ ಪಾಲಿಗೆ ಟಿವಿಯಲ್ಲಿ ಬರುವವನು. ಕೊನೆಗೆ ವಿವರಿಸುವುದನ್ನು ಬಿಟ್ಟು ಅವರ ಅಟ್ಟದಲ್ಲೇ ಕೆಲಸ ಹೂಡಿದೆ.

ನಾನಿರುವುದು ಆಸ್ಟ್ರಿಯಾದ ಲಿಂಟ್ಸ್‌ನಲ್ಲಿ. ಡ್ಯಾನ್ಯೂಬ್ ದಂಡೆಯ ಉಕ್ಕಿನ ಊರು. ಕಲೆ ಮತ್ತು ತಂತ್ರಜ್ಞಾನದ ಆರ್ಸ್ ಎಲೆಕ್ಟ್ರಾನಿಕಾ ಉತ್ಸವ 1979ರಲ್ಲಿ ಶುರುವಾದದ್ದು ಇಲ್ಲೇ. ಆ ವರ್ಷ ಆಸ್ಟ್ರಿಯಾದ ಸಂಗೀತ ರಚನಕಾರ ಬ್ರುಕ್ನರ್‌ನ ಎಂಟನೆಯ ಸಿಂಫನಿಯನ್ನು ನದಿ ಬದಿಯಲ್ಲಿ ಧ್ವನಿವರ್ಧಕಗಳಿಂದ ಹರಿಸಿ, ಊರವರಿಗೆ ರೇಡಿಯೊವನ್ನು ಕಿಟಕಿಯಲ್ಲಿಡಲು ಹೇಳಿದ್ದರಂತೆ. ಮಂಗಳೂರು ಆಕಾಶವಾಣಿಯ ತಾಳಮದ್ದಳೆಯನ್ನು ನೆರೆಮನೆಯ ರೇಡಿಯೊದಿಂದಲೇ ಕೇಳಿ ಬೆಳೆದವನಿಗೆ ಇದರಲ್ಲಿ ಅಂಥ ಹೊಸತೇನೂ ಕಾಣಲಿಲ್ಲ.

ಕಳೆದ ಚಳಿಗಾಲಕ್ಕೆ ಊರಿನಿಂದ ಒಂದು ಚೆಂಡೆ ತಂದಿದ್ದೆ. ಹೀಟರ್ ಉರಿಯುವ ಕೋಣೆಯಲ್ಲಿ ತೇವಾಂಶ ಶೇ. 30ಕ್ಕೂ ಕೆಳಗೆ. ಮೂರೇ ದಿನಕ್ಕೆ ಚರ್ಮ ಬಿಗಿದು ಶ್ರುತಿ ಏರಿತು. ತೇವಾಂಶ ಅಳೆಯಲೆಂದು ದುಡ್ಡು ಕೊಟ್ಟು ಸೆನ್ಸರ್ ಕೊಂಡಿದ್ದೆ. ಚೆಂಡೆ ಅದನ್ನು ಪುಕ್ಕಟೆಯಾಗಿ ಮಾಡುತ್ತಿತ್ತು. ಚರ್ಮದ ಬಿಗಿತ ನಾಲ್ಕು ಪಟ್ಟಾದರೆ ಕಂಪನಾಂಕ ಎರಡು ಪಟ್ಟಾಗುತ್ತದೆ, ಲೆಕ್ಕ ಅಷ್ಟೇ. ಸಿ.ವಿ. ರಾಮನ್ 1920ರಲ್ಲೇ ಮೃದಂಗದ ಧ್ವನಿವಿಜ್ಞಾನಕ್ಕೆ ಕೈಹಾಕಿದವರು. ಚರ್ಮದ ನಡುವಿನ ಕಪ್ಪು ಲೇಪದಿಂದ, ಅಂದರೆ ಕರಣೆಯಿಂದ, ನಾದ ಹೇಗೆ ಇಂಪಾಗುತ್ತದೆ ಎಂಬುದು ಅವರ ಹುಡುಕಾಟ. ನನಗೆ ಬೇಕಿದ್ದದ್ದು ನಾದ ಹದಗೆಡುವ ಬಗೆ.

ಏಪ್ರಿಲ್‌ನಲ್ಲಿ ದೊಡ್ಡಪ್ಪನ ಅಟ್ಟದಲ್ಲಿ ಇನ್ನೊಂದು ಚೆಂಡೆ ಇಟ್ಟೆ. ಎರಡಕ್ಕೂ ಒಂದೊಂದು ವಿದ್ಯುತ್ ಸುತ್ತಿಗೆ, ಒಂದೊಂದು ಮೈಕ್. ದಿನಾ ಉಡುಪಿಯ ಸಂಜೆ ಆರಕ್ಕೆ ಒಂದೇ ಪೆಟ್ಟು. ಅಲ್ಲಿಯದು ಇಲ್ಲಿ ಕೇಳುತ್ತದೆ, ಇಲ್ಲಿಯದು ಅಲ್ಲಿ. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆಯಿತು, ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವು, ಮಳೆ ಹಿಡಿಯಿತು. ಅಟ್ಟದ ಚೆಂಡೆಯ ಶ್ರುತಿ ದಿನದಿಂದ ದಿನಕ್ಕೆ ಇಳಿಯುತ್ತಾ ಜೂನ್ ಕೊನೆಗೆ ರಟ್ಟಿನ ಡಬ್ಬ ಬಡಿದ ಸದ್ದಿಗೆ ಬಂದು ನಿಂತಿತು. ಮಳೆಯ ಸದ್ದನ್ನು ಯಾರು ಬೇಕಾದರೂ ಧ್ವನಿಮುದ್ರಿಸಿಕೊಳ್ಳಬಹುದು. ಮಳೆಗೆ ಚರ್ಮ ಸೋಲುವುದನ್ನು ಕೇಳಿಸಬೇಕೆಂಬ ಹಟ ನನಗೆ.

ಜುಲೈಯ ಒಂದು ಸಂಜೆ ಕಂಪ್ಯೂಟರಿನಲ್ಲಿ ಉಡುಪಿಯ ಚೆಂಡೆಯ ಶ್ರುತಿ ತೋರಿಸುವ ಗೆರೆ ಏಕಾಏಕಿ ಮೇಲಕ್ಕೆ ನೆಗೆಯಿತು. ಜೊತೆಗೆ ಕೆಲಸ ಮಾಡುವ ಧ್ವನಿವಿಜ್ಞಾನಿ ಗೆಳತಿ, ಉಪಕರಣದ ದೋಷವಿರಬೇಕು, ತೆಗೆದುಬಿಡು ಎಂದಳು. ಊರಿಗೆ ಫೋನ್ ಮಾಡಿದೆ.

"ಅದಕ್ಕೆ ಶೀತವಾಗಿತ್ತು ಮಾರಾಯ," ಎಂದರು ದೊಡ್ಡಪ್ಪ. "ಸ್ವಲ್ಪ ಕೆಂಡ ತೋರಿಸಿದೆ. ಈಗ ಹೇಗೆ ಕೇಳುತ್ತದೆ?"

ಪ್ರದರ್ಶನದಲ್ಲಿ ಆ ಪೆಟ್ಟನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಗೆಳತಿಯ ಪ್ರಬಂಧದಲ್ಲಿ ಅದಿಲ್ಲ.